ಒಡೆಯನಿಲ್ಲದ ನಾಯಿ, ಅಗುಳಿಯಿಲ್ಲದ ಮನೆ

ಬೆಂಗಳೂರಿನಲ್ಲಿ ಬೀದಿನಾಯಿಯ ಪ್ರಶ್ನೆ ಎದ್ದಾಗಲೆಲ್ಲ ಎರಡು ಪಂಗಡಗಳ ದನಿ ಮಾತ್ರ ಕೇಳಿಬರುತ್ತದೆ. ನಾಯಿಗಳನ್ನು ಹಿಡಿದು ಊರಾಚೆ ಸಾಗಿಸಿ ಎನ್ನುವವರದು ಒಂದು. ಮೂಕಪ್ರಾಣಿಗೂ ಬದುಕುವ ಹಕ್ಕುಂಟು ಎಂದು ನ್ಯಾಯಾಲಯದ ಮೆಟ್ಟಿಲೇರುವವರದು ಇನ್ನೊಂದು. ಈ ಗದ್ದಲದಲ್ಲಿ ಕೇಳಿಸದೇ ಹೋಗುವುದು ಕೊಳೆಗೇರಿಗಳ, ಕಟ್ಟಡ ಕಾರ್ಮಿಕರ ಶೆಡ್ಡುಗಳ, ಚಿಂದಿ ಆಯುವವರ ಗುಡಿಸಲುಗಳ ಮಾತು. ಬೀದಿನಾಯಿಯೊಡನೆ ಎಲ್ಲರಿಗಿಂತ ಹತ್ತಿರದಲ್ಲಿ ಬದುಕುವವರು ಇವರೇ. ಅದರ ಹಲ್ಲಿಗೆ ಸುಲಭವಾಗಿ ಸಿಕ್ಕುವವರೂ ಇವರ ಮಕ್ಕಳೇ.

2023ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಗಣತಿಯ ಅಂದಾಜಿನಂತೆ ನಗರದಲ್ಲಿ 2.79 ಲಕ್ಷ ಬೀದಿನಾಯಿಗಳಿದ್ದವು. 2019ರ ಗಣತಿಯಲ್ಲಿ ಈ ಸಂಖ್ಯೆ 3.10 ಲಕ್ಷವಾಗಿತ್ತು. ಅತಿ ಹೆಚ್ಚು ನಾಯಿಗಳು ಕಂಡುಬಂದದ್ದು ಮಹದೇವಪುರ ವಲಯದಲ್ಲಿ. ಗಾಜಿನ ಗೋಡೆಯ ಸಾಫ್ಟ್‌ವೇರ್ ಕಚೇರಿಗಳೂ, ಅವುಗಳನ್ನು ಕಟ್ಟಿದವರ ತಗಡಿನ ಶೆಡ್ಡುಗಳೂ ಒತ್ತೊತ್ತಾಗಿ ನಿಂತಿರುವ ಪ್ರದೇಶ ಅದು ಎಂಬುದನ್ನು ಗಮನಿಸಬೇಕು.

ಸರ್ಕಾರಿ ಕಾಗದಪತ್ರಗಳು ಬಹುಕಾಲ ಗುರುತಿಸುತ್ತಿದ್ದದ್ದು ಎರಡೇ ಬಗೆಯ ನಾಯಿಗಳನ್ನು: ಸಾಕುನಾಯಿ ಮತ್ತು ಬೀಡಾಡಿ ನಾಯಿ. ಕೊಳೆಗೇರಿಯ ನಾಯಿ ಇವೆರಡರಲ್ಲಿ ಯಾವುದೂ ಅಲ್ಲ. ಅದಕ್ಕೆ ಕರಿಯ, ಕೆಂಚಿ, ಟೈಗರ್, ರಾಣಿ ಎಂಬ ಹೆಸರುಂಟು, ಕೊರಳಪಟ್ಟಿಯಿಲ್ಲ. ಕರೆದರೆ ಬಾಲವಾಡಿಸಿಕೊಂಡು ಬರುತ್ತದೆ, ಆದರೆ ಯಾವ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ. ಯಾರ ನಾಯಿ ಎಂದು ನೆರೆಯವರು ಕೇಳಿದರೆ ‘ನಮ್ಮ ಬೀದೀದು’ ಎನ್ನುವವರು, ಅದೇ ಪ್ರಶ್ನೆಯನ್ನು ಪಾಲಿಕೆಯ ಸಿಬ್ಬಂದಿ ಕೇಳಿದರೆ ‘ಯಾರದೋ ಏನೋ’ ಎಂದುಬಿಡುತ್ತಾರೆ. ಎರಡೂ ಉತ್ತರಗಳು ನಿಜವೇ. 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಜಾಗದಲ್ಲಿ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಹೊಸ ನಿಯಮಗಳು ಇಂಥವನ್ನು ಸಮುದಾಯದ ಪ್ರಾಣಿಗಳೆಂದು ಕರೆದವು. ಕೊಳೆಗೇರಿಯವರಿಗೆ ಮೊದಲಿನಿಂದಲೂ ತಿಳಿದಿದ್ದ ವಿಷಯಕ್ಕೆ ಕಾನೂನಿನಲ್ಲಿ ಒಂದು ಹೆಸರು ದೊರೆಯಲು ಇಷ್ಟು ಕಾಲ ಹಿಡಿಯಿತು.

ಕಾವಲಿನ ಲೆಕ್ಕ

ಈ ನಂಟು ಬರಿಯ ಕರುಣೆಯಿಂದ ಹುಟ್ಟಿದ್ದಲ್ಲ. ಅದರಲ್ಲಿ ಕೊಡುಕೊಳ್ಳುವ ಲೆಕ್ಕವಿದೆ. ಕಾಂಪೌಂಡು, ಕಬ್ಬಿಣದ ಗೇಟು, ಸೆಕ್ಯುರಿಟಿ ಗಾರ್ಡು ಇರುವ ಮನೆಗೆ ಬೀದಿಯ ನಾಯಿ ಬೇಕಿಲ್ಲ. ತಗಡು, ಟಾರ್ಪಾಲು, ಹಳೆಯ ಫ್ಲೆಕ್ಸುಗಳಿಂದ ಎಬ್ಬಿಸಿದ ಮನೆಗೆ ಬಾಗಿಲಿದ್ದರೂ ಅದನ್ನು ಭದ್ರಪಡಿಸುವ ಅಗುಳಿಯಿರುವುದಿಲ್ಲ. ಒಳಗಿರುವ ಆಸ್ತಿಯೆಂದರೆ ಒಂದು ಗ್ಯಾಸ್ ಸಿಲಿಂಡರು, ಮೊಬೈಲು, ಗಾರೆ ಕೆಲಸದ ಸಲಕರಣೆ, ಹೊರಗೆ ನಿಲ್ಲಿಸಿದ ಸೈಕಲ್ಲು. ಇವುಗಳಲ್ಲಿ ಒಂದು ಕಳುವಾದರೂ ತಿಂಗಳ ದುಡಿಮೆ ಹೋದಂತೆ. ಅಪರಿಚಿತ ಹೆಜ್ಜೆಯ ಸದ್ದಿಗೆ ಗಲ್ಲಿಯ ತುದಿಯಲ್ಲೇ ಬೊಗಳುವ ನಾಯಿ ಇಲ್ಲಿ ಸಂಬಳವಿಲ್ಲದ ಕಾವಲುಗಾರ.

ಹೆಣ್ಣುಮಕ್ಕಳ ಪಾಲಿಗೆ ಈ ಕಾವಲಿನ ಬೆಲೆ ಇನ್ನೂ ಹೆಚ್ಚು. ಮನೆಯೊಳಗೆ ಶೌಚಾಲಯವಿಲ್ಲದ ಕಡೆ ಕತ್ತಲೆಯಲ್ಲಿ ಹೊರಗೆ ಹೋಗಬೇಕು. ನಸುಕಿನಲ್ಲೇ ಎದ್ದು ಬೀದಿನಲ್ಲಿಗೆ ಕೊಡ ಹಿಡಿದು ಸಾಲುಗಟ್ಟಬೇಕು. ಗಾರ್ಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ, ಮನೆಗೆಲಸ ಮುಗಿಸಿ ಹಿಂದಿರುಗುವಾಗ ಕತ್ತಲಾಗಿರುತ್ತದೆ. ಪರಿಚಿತ ನಾಯಿಯೊಂದು ಬಸ್ ನಿಲ್ದಾಣದಿಂದ ಗುಡಿಸಲಿನವರೆಗೆ ಹಿಂದೆ ಹಿಂದೆ ಬರುವುದು ಅವರಿಗೆ ಸಣ್ಣ ಸಂಗತಿಯಲ್ಲ. ಖಾಲಿ ನಿವೇಶನಗಳ ಅಂಚಿನ ಗುಡಿಸಲುಗಳಲ್ಲಿ ಹೆಗ್ಗಣದ ಕಾಟ ತಗ್ಗುವುದಕ್ಕೂ, ಹಾವು ಬಂದರೆ ಎಚ್ಚರಿಕೆ ಸಿಗುವುದಕ್ಕೂ ನಾಯಿಯನ್ನೇ ನೆಚ್ಚಿಕೊಂಡವರಿದ್ದಾರೆ.

ಇದಕ್ಕೆ ಪ್ರತಿಯಾಗಿ ಸಲ್ಲುವುದು ಅನ್ನ. ಉಳಿದ ಮುದ್ದೆಯ ಚೂರು, ಹಳಸಿದ ಅನ್ನ, ಬ್ರೆಡ್ಡಿನ ತುಂಡು, ಭಾನುವಾರವಾದರೆ ಒಂದಿಷ್ಟು ಮೂಳೆ. ಬಡವರ ಮನೆಯಲ್ಲಿ ಉಳಿಯುವುದೇ ಕಡಿಮೆ. ಒಂದು ಸಂಸಾರಕ್ಕೆ ಒಂದು ನಾಯಿಯನ್ನು ಸಾಕುವ ಶಕ್ತಿಯಿರುವುದಿಲ್ಲ. ಹತ್ತು ಸಂಸಾರ ಸೇರಿದರೆ ಎರಡು ನಾಯಿಗಳ ಹೊಟ್ಟೆ ಅರ್ಧ ತುಂಬುತ್ತದೆ. ಇಲ್ಲಿ ನಾಯಿ ಎಲ್ಲರದಾಗಿ ಉಳಿಯಲು ಇದೇ ಕಾರಣವೆನ್ನಬಹುದು. ಮಿಕ್ಕರ್ಧ ಹೊಟ್ಟೆಗೆ ಅದು ಕಸದ ರಾಶಿ, ಹೋಟೆಲಿನ ಹಿಂಬದಿ, ಕೋಳಿ ಅಂಗಡಿಯವರು ಎಸೆಯುವ ತ್ಯಾಜ್ಯವನ್ನು ಅರಸಿಕೊಂಡು ಹೋಗುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಹೋಟೆಲು, ಬೇಕರಿ, ಮಾಂಸದಂಗಡಿಗಳು ಬಾಗಿಲು ಹಾಕಿದಾಗ ನಗರದ ನಾಯಿಗಳು ಹಸಿವಿನಿಂದ ಕಂಗೆಟ್ಟದ್ದು ಈ ಅವಲಂಬನೆಯ ಆಳವನ್ನು ತೋರಿಸಿತು.

ಕನ್ನಡನಾಡಿನಲ್ಲಿ ನಾಯಿಗೆ ಸಂದ ಗೌರವದ ಮಾತು ಬಂದಾಗ ಆತಕೂರಿನ ಶಾಸನವನ್ನು ನೆನೆಯುವುದು ವಾಡಿಕೆ. ಗಂಗರ ಬೂತುಗನಿಂದ ಮಣಲೆರನು ಪಡೆದ ‘ಕಾಳಿ’ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ ಮಡಿದುದನ್ನು ಹೇಳುವ, ಹತ್ತನೆಯ ಶತಮಾನದ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಾಳಿ ಅರಸರ ನಾಯಿ. ಬೀದಿನಾಯಿಗೆ ಹೆಚ್ಚು ಹತ್ತಿರವಾದದ್ದು ಮೈಲಾರಲಿಂಗನ ಪರಂಪರೆ. ಅಲ್ಲಿ ಗೊರವರು ತಾವೇ ದೇವರ ನಾಯಿಗಳೆಂದು ಭಾವಿಸಿ ಬೊಗಳುತ್ತಾರೆ, ದೋಣಿಯಲ್ಲಿ ಹಾಕಿದ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ‘ನಾಯಿ’ ಎಂಬುದು ಬೈಗುಳವೂ ಆಗಿರುವ ಭಾಷೆಯಲ್ಲಿ ಇದು ವಿಶೇಷವೇ.

ಕಾರ್ತಿಕದ ಮರಿಗಳು

ಪ್ರೀತಿ, ಕಾವಲು ಎಂದಷ್ಟೇ ಹೇಳಿ ನಿಲ್ಲಿಸಿದರೆ ಚಿತ್ರ ಅರ್ಧವಾದೀತು. ಮಳೆಗಾಲ ಕಳೆಯುತ್ತಿದ್ದಂತೆ ನಾಯಿಗಳಿಗೆ ಬೆದೆ. ಕಾರ್ತಿಕ ಮಾಸದ ನಾಯಿಗಳ ಹಿಂಡು ಗಾದೆಮಾತಿನಷ್ಟೇ ಹಳೆಯದು. ಸುಮಾರು ಎರಡು ತಿಂಗಳಲ್ಲಿ ಮರಿಗಳು ಹುಟ್ಟುತ್ತವೆ. ಚರಂಡಿಯ ಮೋರಿ, ಮೆಟ್ಟಿಲ ಕೆಳಗಿನ ಸಂದು, ಪಾಳುಬಿದ್ದ ತಳ್ಳುಗಾಡಿಯ ಅಡಿ ಬಾಣಂತಿ ನಾಯಿಯ ಮನೆ. ಮಕ್ಕಳು ಗೋಣಿಚೀಲ ಹಾಸುತ್ತಾರೆ, ಹೆಂಗಸರು ಬಾಣಂತಿಯೆಂಬ ಕನಿಕರದಿಂದ ಹಾಲು-ಅನ್ನ ಹಾಕುತ್ತಾರೆ. ಅದೇ ಮಕ್ಕಳಲ್ಲಿ ಕೆಲವರು ಮರಿಯ ಕೊರಳಿಗೆ ಹಗ್ಗ ಬಿಗಿದು ಎಳೆದಾಡುವುದೂ, ಕಲ್ಲೆಸೆಯುವುದೂ ಉಂಟು. ಇನ್ನು ಕೆಲವು ಮರಿಗಳು ಆಟೋ, ಲಾರಿಗಳ ಚಕ್ರಕ್ಕೆ ಸಿಕ್ಕುತ್ತವೆ.

ಕೋಲ್ಕತಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಪಶ್ಚಿಮ ಬಂಗಾಳದ ಬೀದಿನಾಯಿಗಳ ಬದುಕನ್ನು ವರ್ಷಗಟ್ಟಲೆ ಅಭ್ಯಸಿಸಿದೆ. 364 ಮರಿಗಳ ಬೆನ್ನುಹತ್ತಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ತಿಂಗಳು ತುಂಬುವವರೆಗೆ ಬದುಕುಳಿದವು ಶೇ 19ರಷ್ಟು ಮಾತ್ರ. ಸಾವುಗಳ ಪೈಕಿ ಶೇ 63ರಷ್ಟಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣರಾಗಿದ್ದರು. ಇಷ್ಟಾದರೂ ತಾಯಿನಾಯಿಗಳು ಮರಿ ಹಾಕಲು ಜನವಸತಿಯ ಸಮೀಪವನ್ನೇ ಆರಿಸಿಕೊಳ್ಳುತ್ತವೆ. ಅಪರಿಚಿತ ಮನುಷ್ಯನನ್ನು ನಂಬುವ ವಿಷಯದಲ್ಲಿ ತಿನಿಸಿಗಿಂತ ತಲೆ ಸವರುವ ಕೈಗೆ ಬೀದಿನಾಯಿಗಳು ಹೆಚ್ಚು ಒಲಿಯುತ್ತವೆ ಎಂಬುದನ್ನೂ ಇದೇ ತಂಡ ಕಂಡುಕೊಂಡಿತು.

ಕಟ್ಟಡ ಕಾರ್ಮಿಕರ ಶೆಡ್ಡುಗಳ ಕಥೆ ಬೇರೆಯೇ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದಲೂ ಬಿಹಾರ, ಬಂಗಾಳಗಳಿಂದಲೂ ಬಂದ ಕಾರ್ಮಿಕರು ಕಟ್ಟಡ ಏಳುವಷ್ಟು ಕಾಲ, ಅಂದರೆ ಎರಡು ಮೂರು ವರ್ಷ ಅಲ್ಲೇ ಬಿಡಾರ ಹೂಡುತ್ತಾರೆ. ಅಷ್ಟರಲ್ಲಿ ಶೆಡ್ಡಿನ ಸುತ್ತ ನಾಲ್ಕಾರು ನಾಯಿಗಳು ಸೇರಿಕೊಂಡು ಮರಿಹಾಕಿ ಬೆಳೆಯುತ್ತವೆ. ಮರಳು, ಸಿಮೆಂಟು, ಕಂಬಿಗಳಿಗೆ ಅವೇ ಕಾವಲು. ಕೆಲಸ ಮುಗಿದ ದಿನ ಗುತ್ತಿಗೆದಾರನ ಲಾರಿ ಬರುತ್ತದೆ, ತಗಡುಗಳು ಬಿಚ್ಚಿಕೊಳ್ಳುತ್ತವೆ, ಜನ ಮುಂದಿನ ಸೈಟಿಗೆ ಹೊರಡುತ್ತಾರೆ. ನಾಯಿಗಳು ಉಳಿಯುತ್ತವೆ. ಅನ್ನ ಹಾಕುತ್ತಿದ್ದ ಕೈಗಳು ಮಾಯವಾಗಿ, ಅವು ಕಾಯುತ್ತಿದ್ದ ಜಾಗಕ್ಕೆ ಮಾರ್ಬಲ್ ನೆಲದ ಹೊಸ ಒಕ್ಕಲು ಬಂದಿರುತ್ತದೆ. ‘ಇಲ್ಲಿ ನಾಯಿಗಳ ಹಾವಳಿ’ ಎಂದು ಪಾಲಿಕೆಯ ಸಹಾಯವಾಣಿಗೆ ಮೊದಲ ದೂರು ಹೋಗುವುದು ಆಗಲೇ. ಕೊಳೆಗೇರಿಯನ್ನು ತೆರವು ಮಾಡಿ ಜನರನ್ನು ಊರಾಚೆಯ ಮಹಡಿ ಮನೆಗಳಿಗೆ ಸಾಗಿಸಿದಾಗಲೂ ಆಗುವುದು ಹೆಚ್ಚುಕಡಿಮೆ ಇದೇ. ಪುನರ್ವಸತಿಯ ಪಟ್ಟಿಯಲ್ಲಿ ನಾಯಿಗೆ ಕಾಲಂ ಇಲ್ಲ.

ಸೂಜಿಗಿಂತ ಮೊದಲು ಕೂಲಿ

2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ತಿಂಗಳುಗಳ ಅಂತರದಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳ ಹಿಂಡಿಗೆ ಬಲಿಯಾದರು. ಇಬ್ಬರೂ ದುಡಿದು ಉಣ್ಣುವ ಬಡ ಕುಟುಂಬಗಳ ಮಕ್ಕಳು. ಜನ ರೊಚ್ಚಿಗೆದ್ದರು, ಪಾಲಿಕೆ ರಾತ್ರೋರಾತ್ರಿ ನಾಯಿ ಹಿಡಿಯುವ ಕಾರ್ಯಾಚರಣೆಗೆ ಇಳಿಯಿತು, ಪ್ರಾಣಿದಯಾ ಸಂಘಟನೆಗಳು ಬೀದಿಗಿಳಿದವು. ಮಾಂಸದ ತ್ಯಾಜ್ಯವನ್ನು ಬಯಲಿನಲ್ಲಿ ಸುರಿಯುವ ಅಭ್ಯಾಸದ ಬಗ್ಗೆ ಗಂಭೀರವಾದ ಚರ್ಚೆಯಾದದ್ದು ಆ ಹೊತ್ತಿನಲ್ಲೇ. ಹಿಂಡುಗೂಡಿದ ನಾಯಿ ಒಂಟಿ ನಾಯಿಯಂತೆ ವರ್ತಿಸುವುದಿಲ್ಲ. ತ್ಯಾಜ್ಯ ಸುರಿಯುವ ಜಾಗದಲ್ಲಿ ಹಿಂಡು ಕಟ್ಟಿಕೊಳ್ಳುತ್ತದೆ. ಅಂಥ ಜಾಗದ ಪಕ್ಕದಲ್ಲೇ ಬಡವರ ಮಕ್ಕಳು ಆಡುತ್ತಾರೆ, ಬಹಿರ್ದೆಸೆಗೆ ಹೋಗುತ್ತಾರೆ. ಹೆಗಲ ಮೇಲೆ ಗೋಣಿ ಹೊತ್ತು ಬೇರೆ ಬೇರೆ ಬೀದಿಗಳನ್ನು ಸುತ್ತುವ ಚಿಂದಿ ಆಯುವವರ ಪಾಡು ಇನ್ನೂ ಕಷ್ಟ. ತನ್ನ ಬೀದಿಯವರನ್ನು ಕಾಯುವ ನಾಯಿಗೆ ಅವರು ಎಲ್ಲ ಬೀದಿಗಳಲ್ಲೂ ಪರಕೀಯರು.

ಕಡಿತಕ್ಕಿಂತ ಭೀಕರವಾದುದು ರೇಬಿಸ್. ಒಮ್ಮೆ ರೋಗಲಕ್ಷಣ ಕಾಣಿಸಿಕೊಂಡರೆ ಸಾವು ಬಹುತೇಕ ನಿಶ್ಚಿತ. ಆದರೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಅದನ್ನು ಸಂಪೂರ್ಣವಾಗಿ ತಡೆಯಬಹುದು. ಹೀಗಾಗಿ ರೇಬಿಸ್‌ನಿಂದ ಸಾಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಜೇಬಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದು 2004ರಲ್ಲಿ ವರದಿಯಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ ಸುಮಾರು 20 ಸಾವಿರ ರೇಬಿಸ್ ಸಾವುಗಳಾಗುತ್ತಿವೆ ಎಂದು ಅಂದಾಜಿಸಿತ್ತು. ಮೃತರಲ್ಲಿ ಬಹುಪಾಲು ಬಡವರು, ಲಸಿಕೆಯನ್ನೇ ಪಡೆಯದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳ ಇತ್ತೀಚಿನ ಅಧ್ಯಯನ ಈ ಅಂದಾಜನ್ನು 5,726ಕ್ಕೆ ಇಳಿಸಿದೆ. ಇಳಿಮುಖ ಸಮಾಧಾನಕರವೇ, ಆದರೆ ಅದೇ ಅಧ್ಯಯನದ ಪ್ರಕಾರ ವರ್ಷಕ್ಕೆ 90 ಲಕ್ಷಕ್ಕೂ ಹೆಚ್ಚು ಮಂದಿ ಪ್ರಾಣಿಗಳಿಂದ ಕಡಿತಕ್ಕೊಳಗಾಗುತ್ತಾರೆ. ಆ ಕಡಿತಗಳಲ್ಲಿ ಮುಕ್ಕಾಲು ಪಾಲು ನಾಯಿಯವು. ಕರ್ನಾಟಕದಲ್ಲೇ 2025ರ ಮೊದಲ ಆರು ತಿಂಗಳಲ್ಲಿ 2.3 ಲಕ್ಷಕ್ಕೂ ಹೆಚ್ಚು ನಾಯಿ ಕಡಿತದ ಪ್ರಕರಣಗಳು ದಾಖಲಾದವು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯ ಇನ್ನೂ ಪೂರ್ತಿ ಮರೆಯಾಗಿಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯ ಬಳಕೆ ಭಾರತದಲ್ಲಿ 2004ರ ಡಿಸೆಂಬರ್‌ನಲ್ಲೇ ನಿಂತುಹೋಯಿತು. ಈಗಿನದು ತೋಳಿಗೆ ಕೊಡುವ ಲಸಿಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದ ಪದರದೊಳಗೆ ಕಡಿತದ ದಿನ, ನಂತರ 3, 7 ಮತ್ತು 28ನೆಯ ದಿನ ನೀಡಲಾಗುತ್ತದೆ. ಗಾಯ ಆಳವಾಗಿದ್ದು ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದು ಬೇಕು. ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯುವುದು.

ಕೊಡ ನೀರಿಗೆ ಸಾಲು ನಿಲ್ಲುವ ಗಲ್ಲಿಯಲ್ಲಿ 15 ನಿಮಿಷ ಹರಿಯುವ ನೀರು ಎಲ್ಲಿಂದ ಬರಬೇಕು? ಸುಣ್ಣ, ಅರಿಶಿನ, ಮೆಣಸಿನಪುಡಿ ಕೈಗೆ ಬೇಗ ಸಿಗುತ್ತವೆ, ಗಾಯಕ್ಕೆ ಮೆತ್ತಲಾಗುತ್ತದೆ. ಇವು ಯಾವುವೂ ರೋಗಾಣುವನ್ನು ಕೊಲ್ಲುವುದಿಲ್ಲ, ಗಾಯವನ್ನು ಕೆದಕುತ್ತವೆ ಅಷ್ಟೇ. ಲಸಿಕೆ ಉಚಿತವಾದರೂ ನಾಲ್ಕು ಬಾರಿ ಆಸ್ಪತ್ರೆಗೆ ಹೋಗುವುದೆಂದರೆ ನಾಲ್ಕು ದಿನದ ಕೂಲಿಗೆ ಕತ್ತರಿ. ಮಗುವಿಗೆ ಕಡಿದಿದ್ದರೆ ಜೊತೆಗೆ ತಾಯಿಯೋ ತಂದೆಯೋ ಹೋಗಲೇಬೇಕು. ಮೂರನೆಯ ಸೂಜಿಯ ಹೊತ್ತಿಗೆ ಗಾಯ ಮಾಯ್ದಿರುತ್ತದೆ, ನಾಲ್ಕನೆಯದು ತಪ್ಪಿಹೋಗುತ್ತದೆ. ಇನ್ನೂ ಅಪಾಯಕಾರಿಯಾದುದು ಪರಿಚಯದ ನಾಯಿಯ ಮೇಲಿನ ನಂಬಿಕೆ. ‘ನಮ್ಮ ಕರಿಯ ತಾನೇ, ಆಟಕ್ಕೆ ಕಚ್ಚಿದೆ’ ಎಂದು ಸುಮ್ಮನಾಗುವವರುಂಟು. ಬೈಗುಳಕ್ಕೆ ಹೆದರಿ ಮಕ್ಕಳು ಕಡಿತವನ್ನೇ ಮುಚ್ಚಿಡುವುದೂ ಉಂಟು. ಕಡಿತಕ್ಕೂ ರೋಗಲಕ್ಷಣಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ತಿಂಗಳ ಅಂತರವಿರುವುದರಿಂದ, ಕಾಯಿಲೆ ಬಂದಾಗ ನಾಯಿಯ ನೆನಪೇ ಇರುವುದಿಲ್ಲ.

ಎಡಗಿವಿಯ ಗುರುತು

ಕೊಲ್ಲುವುದರಿಂದ ನಾಯಿಗಳ ಸಂಖ್ಯೆ ತಗ್ಗದು ಎಂಬ ಪಾಠವನ್ನು ಭಾರತದ ನಗರಗಳು ದುಬಾರಿ ಬೆಲೆ ತೆತ್ತು ಕಲಿತವು. ಮದ್ರಾಸ್ ಪಾಲಿಕೆ ಹತ್ತೊಂಬತ್ತನೆಯ ಶತಮಾನದಿಂದ 1990ರ ದಶಕದವರೆಗೂ ನಾಯಿಗಳನ್ನು ಕೊಲ್ಲುತ್ತಲೇ ಇತ್ತು; ನಾಯಿಗಳು ಹುಟ್ಟುತ್ತಲೇ ಇದ್ದವು. ತೆರವಾದ ಜಾಗಕ್ಕೆ, ಉಳಿದ ಅನ್ನಕ್ಕೆ ಪಕ್ಕದ ನಾಯಿ ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಸಂತಾನಹರಣ ಚಿಕಿತ್ಸೆಯ ಕಾರ್ಯಕ್ರಮ ಹೆಚ್ಚುಕಡಿಮೆ ಈ ಶತಮಾನದಷ್ಟೇ ಹಳೆಯದು. ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಚುಚ್ಚಿ, ಕಿವಿಯ ತುದಿಯನ್ನು ಗುರುತಿಗಾಗಿ ಕತ್ತರಿಸಿ, ಕೆಲವು ದಿನ ಆರೈಕೆ ನೀಡಿ ಹಿಡಿದ ಜಾಗದಲ್ಲೇ ಬಿಡುವುದು ಕ್ರಮ. 2019ರಲ್ಲಿ ನಗರದ ಬೀದಿನಾಯಿಗಳಲ್ಲಿ ಅರ್ಧದಷ್ಟಕ್ಕೆ ಚಿಕಿತ್ಸೆಯಾಗಿತ್ತು. 2023ರ ಗಣತಿಯ ವೇಳೆಗೆ ಈ ಪ್ರಮಾಣ ಶೇ 70ನ್ನು ದಾಟಿತ್ತು. ರೇಬಿಸ್ ಸರಪಣಿ ಕಡಿಯಲು ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬೇಕೆಂಬುದು ತಜ್ಞರ ಮಾತು. ಆದರೆ ಶಸ್ತ್ರಚಿಕಿತ್ಸೆ ಒಮ್ಮೆ ಸಾಕು, ಲಸಿಕೆ ಮಾತ್ರ ಮತ್ತೆ ಮತ್ತೆ ಬೇಕು ಎಂಬುದನ್ನು ಈ ಅಂಕಿಅಂಶಗಳು ಮರೆಸಬಾರದು.

ಕೊಳೆಗೇರಿಯವರ ನಂಟು ಲೆಕ್ಕಕ್ಕೆ ಬರುವುದು ಇಲ್ಲಿಯೇ. ಬಲೆ ಹಿಡಿದ ವ್ಯಾನು ಬಂದರೆ ನಾಯಿ ಗಲ್ಲಿಯ ಸಂದುಗಳಲ್ಲಿ ನುಸುಳಿ ಮಾಯವಾಗುತ್ತದೆ. ಒಮ್ಮೆ ಬಲೆ ಕಂಡ ನಾಯಿ ಮತ್ತೊಮ್ಮೆ ಸಿಗುವುದು ಕಷ್ಟ. ಅದನ್ನು ಹೆಸರಿಡಿದು ಕರೆದು, ಬಿಸ್ಕತ್ತು ತೋರಿಸಿ, ಕೈಯಲ್ಲೇ ಹಿಡಿದುಕೊಡಬಲ್ಲವರು ಅಲ್ಲಿನ ಹೆಂಗಸರು, ಮಕ್ಕಳು. ಯಾವ ನಾಯಿ ಬಸುರಿ, ಯಾವುದು ಹೊಸದಾಗಿ ಬಂದದ್ದು, ಯಾವುದು ಎರಡು ದಿನದಿಂದ ಮಂಕಾಗಿ ಜೊಲ್ಲು ಸುರಿಸುತ್ತಿದೆ ಎಂಬ ಸಂಗತಿ ಗಣತಿದಾರರಿಗೆ ತಿಳಿಯುವುದಿಲ್ಲ, ಅವರಿಗೆ ತಿಳಿದಿರುತ್ತದೆ. ಅವರು ವ್ಯಾನನ್ನು ನಂಬದಿರಲು ಕಾರಣವೂ ಉಂಟು. ಕೊಂಡೊಯ್ದ ನಾಯಿ ಹಿಂದಿರುಗದಿದ್ದರೆ, ಅಥವಾ ಬೇರೆ ಬೀದಿಯ ನಾಯಿಯನ್ನು ತಂದು ಬಿಟ್ಟರೆ, ಮುಂದಿನ ಸಲ ಮಕ್ಕಳೇ ಸಿಳ್ಳೆ ಹಾಕಿ ನಾಯಿಗಳನ್ನು ಓಡಿಸುತ್ತಾರೆ. ಹಿಡಿದಲ್ಲಿಯೇ ಬಿಡಬೇಕೆಂಬ ನಿಯಮ ಇಲ್ಲಿ ಪ್ರಾಣಿದಯೆಯ ಪ್ರಶ್ನೆ ಮಾತ್ರವಲ್ಲ, ಮುಂದಿನ ಲಸಿಕೆ ಸಾಧ್ಯವೇ ಇಲ್ಲವೇ ಎಂಬುದರ ಪ್ರಶ್ನೆ.

ಊಟದ ಜಾಗ ಯಾವುದು?

2025ರ ಜುಲೈನಲ್ಲಿ ಪಾಲಿಕೆಯು ಸುಮಾರು 5 ಸಾವಿರ ನಾಯಿಗಳಿಗೆ ದಿನವೂ ಕೋಳಿಮಾಂಸದ ಅನ್ನ ಹಾಕಲು 2.88 ಕೋಟಿ ರೂಪಾಯಿಯ ಯೋಜನೆ ಮುಂದಿಟ್ಟಾಗ ರಾಜ್ಯದ ಆಚೆಗೂ ಗೇಲಿ, ಟೀಕೆಗಳು ಹರಿದಾಡಿದವು. ಹಸಿದ ನಾಯಿ ಹೆಚ್ಚು ಕಚ್ಚುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಎರಡು ಮುಕ್ಕಾಲು ಲಕ್ಷ ನಾಯಿಗಳ ನಗರದಲ್ಲಿ 5 ಸಾವಿರಕ್ಕೆ ಊಟ ಎಂಬುದು ಕೆರೆಗೆ ಹಾಕಿದ ಚೆಂಬು ನೀರು. ಮಿಕ್ಕ ನಾಯಿಗಳಿಗೆ ಅನ್ನ ಹಾಕುವ ಮನೆಗಳು ಆ ಚರ್ಚೆಯಲ್ಲಿ ಎಲ್ಲೂ ಕಾಣಿಸಲಿಲ್ಲ.

ಮರುತಿಂಗಳೇ ಪ್ರಶ್ನೆ ಸುಪ್ರೀಂ ಕೋರ್ಟಿನ ಅಂಗಳದಲ್ಲಿತ್ತು. ದೆಹಲಿ ಮತ್ತು ಸುತ್ತಲಿನ ಪ್ರದೇಶದ ಎಲ್ಲ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿ ಇಡಬೇಕೆಂದು 2025ರ ಆಗಸ್ಟ್ 11ರಂದು ದ್ವಿಸದಸ್ಯ ಪೀಠ ಆದೇಶಿಸಿತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಮಾರ್ಪಡಿಸಿ, ರೇಬಿಸ್ ತಗುಲಿದ ಹಾಗೂ ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆಯ ಬಳಿಕ ಅದೇ ಜಾಗದಲ್ಲಿ ಬಿಡಬೇಕೆಂದಿತು. ಬೀದಿಯಲ್ಲಿ ಆಹಾರ ಹಾಕಕೂಡದು, ವಾರ್ಡಿಗೊಂದು ಗೊತ್ತುಪಡಿಸಿದ ಜಾಗದಲ್ಲೇ ಹಾಕಬೇಕು ಎಂದೂ ಹೇಳಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದು ಸೂಚಿಸಿತು. ಕೊಳೆಗೇರಿಯ ಪಕ್ಕದ ಸರ್ಕಾರಿ ಶಾಲೆಯ ಮೈದಾನದಲ್ಲಿ ಮಲಗುವ ನಾಯಿ ಮತ್ತು ಶಾಲೆಯ ಹಿಂದಿನ ಗಲ್ಲಿಯನ್ನು ಕಾಯುವ ನಾಯಿ ಬಹಳಷ್ಟು ಕಡೆ ಒಂದೇ. ಶಾಲೆಯ ಮಕ್ಕಳ ದೃಷ್ಟಿಯಿಂದ ಆದೇಶ ಸರಿಯೆನ್ನದೆ ವಿಧಿಯಿಲ್ಲ. ಗಲ್ಲಿಯವರಿಗೆ ಅದು ಕಾವಲಿನ ನಷ್ಟ.

ಆಹಾರ ಹಾಕುವ ಜಾಗವನ್ನು ಗುರುತಿಸುವ ಕೆಲಸವನ್ನು 2023ರ ನಿಯಮಗಳು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ, ಅಪಾರ್ಟ್‌ಮೆಂಟ್ ಮಾಲೀಕರ ಸಂಘ ಅಥವಾ ಸ್ಥಳೀಯ ಸಂಸ್ಥೆಯ ಪ್ರತಿನಿಧಿಗೆ ವಹಿಸುತ್ತವೆ. ಜಾಗವು ಮಕ್ಕಳ ಆಟದ ಸ್ಥಳ, ಮೆಟ್ಟಿಲು, ಜನರು ಓಡಾಡುವ ದ್ವಾರಗಳಿಂದ ದೂರವಿರಬೇಕು. ಕೊಳೆಗೇರಿಯಲ್ಲಿ ಮಾಲೀಕರ ಸಂಘವಿಲ್ಲ. ಎರಡು ಮಾರು ಅಗಲದ ಗಲ್ಲಿಯೇ ಅಲ್ಲಿ ಮಕ್ಕಳ ಆಟದ ಬಯಲು, ಪಾತ್ರೆ ತೊಳೆಯುವ ಜಾಗ, ಮನೆಯ ಹೆಬ್ಬಾಗಿಲು ಮತ್ತು ನಾಯಿಯ ಊಟದ ಎಲೆ. ನಿಯಮಕ್ಕೆ ಒಪ್ಪುವ ಜಾಗವೊಂದನ್ನು ಅಲ್ಲಿ ಹುಡುಕುವ ಹೊಣೆ, ಸಂಘಗಳಿಲ್ಲದ ಕಾರಣ, 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಒಡೆದು ರಚಿಸಿದ 5 ಪಾಲಿಕೆಗಳ ಮೇಲೆ ಬಿದ್ದಿದೆ.